ಅಜ್ಜಿಯ ಸಂಚಿ, ಮಗಳ ಓದು

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಬರೆಯುವ ಕೈ ಒಬ್ಬರದು, ಹಿಂದೆ ನಿಂತು ತಿದ್ದುವ ಬಾಯಿ ಇನ್ನೊಬ್ಬರದು. ಯಾವುದು ಯಾರದೆಂಬುದನ್ನು ವಾಚಕರು ತಮ್ಮ ತಮ್ಮ ಮನೆಯ ಅನುಭವದಿಂದ ಊಹಿಸಿಕೊಳ್ಳಬಹುದು.

1989ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಿಂದ ನಾಸಿಕದ ಬಳಿಯ ಓಝರಿಗೆ ವರ್ಗವಾಗಿ ಬಂದೆವು. ಮಿಗ್ ವಿಮಾನಗಳಿಗೆಂದೇ 1964ರಲ್ಲಿ ಹುಟ್ಟಿದ ಕಾರ್ಖಾನೆ ಅದು. ಮೂರು ವರ್ಷ ಇದ್ದು ಹಿಂದಿರುಗುವುದೆಂದು ಮಂಚವನ್ನೂ ಕೊಳ್ಳದೆ ಹಾಸಿಗೆ ಹಾಸಿಕೊಂಡು ಮಲಗಿದವರು ನಾವು. ಆಮೇಲೆ ಮಂಚ ಬಂತು, ಬೀರು ಬಂತು, ಬಹಳ ತಡವಾಗಿ ಒಬ್ಬಳೇ ಮಗಳು ಹುಟ್ಟಿದಳು. ಸ್ನೇಹಿತರೊಬ್ಬರ ಮಾತು ಕೇಳಿ ದಿಂಡೋರಿಯಲ್ಲಿ ಅಗ್ಗಕ್ಕೆ ಒಂದು ನಿವೇಶನವನ್ನೂ ಕೊಂಡೆವು. ನಿವೃತ್ತಿಯಾದಾಗ ಹಿಂದಿರುಗಲು ಊರೇ ಉಳಿದಿರಲಿಲ್ಲ. ಸುತ್ತ ದ್ರಾಕ್ಷಿ ತೋಟ, ದೂರದಲ್ಲಿ ಸಪ್ತಶೃಂಗಿಯ ಕಡೆಯ ಬೆಟ್ಟಗಳ ಸಾಲು, ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಈ ಪತ್ರಿಕೆ. ಇಷ್ಟರಲ್ಲಿ ನಮ್ಮ ಸಂಸಾರ ಸಾಗಿದೆ.

ನಾಸಿಕದಿಂದ ದಿಂಡೋರಿಗೆ ಬರುವ ದಾರಿಯಲ್ಲಿ ಮ್ಹಸ್ರುಳದ ಬಳಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 1998ರಲ್ಲಿ ಸ್ಥಾಪನೆಯಾದದ್ದು; ರಾಜ್ಯದ ಹೆಚ್ಚಿನ ವೈದ್ಯಕೀಯ ಕಾಲೇಜುಗಳು ಅದರ ಕೆಳಗೆ. ಬಸ್ಸು ಆ ಹೆಬ್ಬಾಗಿಲನ್ನು ದಾಟಿದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ಆ ಕಡೆ ತಿರುಗುತ್ತಿದ್ದೆವು. ಮಗಳು ಡಾಕ್ಟರಾಗಬೇಕು, ಅದರ ಮುದ್ರೆಯಿರುವ ಪದವಿಪತ್ರ ನಮ್ಮ ನಡುಮನೆಯ ಗೋಡೆಯ ಮೇಲೆ ಬರಬೇಕು, ಇಷ್ಟೇ ಆಸೆ. ಅವಳು 2014ರಲ್ಲಿ ಹನ್ನೆರಡನೆಯ ತರಗತಿ ಮುಗಿಸಿ, ತನಗೆ ಮನಶ್ಶಾಸ್ತ್ರ ಬೇಕೆಂದಳು. ನಾವು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಊರಿಗೆ ಫೋನು ಮಾಡಿದರೆ ಸೋದರಮಾವನವರು, 'ಹುಚ್ಚಾಸ್ಪತ್ರೆಯಲ್ಲಿ ಕೆಲಸವೇ?' ಎಂದು ಕೇಳಿದರು.

ಹೀಗೆ ಕೇಳಿದವರು ಮೈಸೂರಿನವರು ಎಂಬುದೇ ತಮಾಷೆ. ಕಲ್ಕತ್ತೆಯ ನಂತರ ನಮ್ಮ ದೇಶದಲ್ಲಿ ಮನಶ್ಶಾಸ್ತ್ರಕ್ಕೆಂದು ಪ್ರತ್ಯೇಕ ವಿಭಾಗ ಕಂಡದ್ದು ಮೈಸೂರು, 1924ರಲ್ಲಿ. ಕಟ್ಟಿದವರು ಮಹಾರಾಜ ಕಾಲೇಜಿನ ಪ್ರೊ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ನಮ್ಮ ಕಿವಿಗೆ ಹಾಕಿದ ಪುಣ್ಯಾತ್ಮರೂ ಅವರೇ. ಕೊರವಂಜಿಯ ರಾ. ಶಿ. ಅವರನ್ನು ನಗಿಸುವವರೆಂದೇ ನಾವೆಲ್ಲ ಬಲ್ಲೆವು, ಆ ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಮನಮಂಥನ' ಎಂಬ ಮನಸ್ಸಿನ ವೈದ್ಯಕ್ಕೆ ಸಂಬಂಧಿಸಿದ ಪುಸ್ತಕಕ್ಕೆ. ಇದನ್ನೆಲ್ಲ ಸೋದರಮಾವನವರಿಗೆ ಹೇಳಿದೆವು. ಹೇಳುತ್ತ ಹೇಳುತ್ತ ನಮಗೇ ಸ್ವಲ್ಪ ಸಮಾಧಾನವಾಯಿತು.

ಬಿ.ಎ. ನಾಸಿಕದಲ್ಲಿ, ಎಂ.ಎ. ಪುಣೆ ವಿಶ್ವವಿದ್ಯಾಲಯದಲ್ಲಿ. ರಜೆಗೆ ಬಂದಾಗ, ಏನು ಓದುತ್ತೀಯೆ ಎಂದು ಕೇಳಿದರೆ ಒಂದು ಉದ್ದನೆಯ ಹೆಸರು ಹೇಳಿದಳು. ಕನ್ನಡದಲ್ಲಿ ಬಿಡಿಸಿದರೆ ಇಷ್ಟು: ತನಗೆ ಒಳ್ಳೆಯದಲ್ಲವೆಂದು ಗೊತ್ತಿದ್ದೂ ಮನುಷ್ಯ ಅದನ್ನೇ ಯಾಕೆ ಮಾಡುತ್ತಾನೆ, ಮತ್ತು ಬಿಡುವವನು ಹೇಗೆ ಬಿಡುತ್ತಾನೆ. ನಮಗೆ ನಗು ಬಂತು. ಇದಕ್ಕೊಂದು ವಿಶ್ವವಿದ್ಯಾಲಯವೇ? ಛಲವಿದ್ದವನು ಬಿಡುತ್ತಾನೆ, ಇಲ್ಲದವನು ಇಲ್ಲ, ಮುಗಿಯಿತಲ್ಲ.

ಅವಳು ಮುಗಿಸಲಿಲ್ಲ. ಅಮೆರಿಕದ ಕಥೆಯೊಂದನ್ನು ಹೇಳಿದಳು. ಎರಡನೆಯ ಮಹಾಯುದ್ಧ ಕಳೆದ ಮೇಲೆ ಅಲ್ಲಿನ ಸರ್ಕಾರ ಕ್ಷಯ ಪತ್ತೆಗೆಂದು ಎಕ್ಸ್‌ರೇ ಯಂತ್ರವಿದ್ದ ವಾಹನಗಳನ್ನು ಜನರ ಮನೆಬಾಗಿಲಿನ ಹತ್ತಿರಕ್ಕೇ ಕಳಿಸಿತು. ಕಾಸು ಕೊಡಬೇಕಾಗಿಲ್ಲ, ದೂರ ನಡೆಯಬೇಕಾಗಿಲ್ಲ. ಆದರೂ ಜನ ಬರಲಿಲ್ಲ. 1950ರ ದಶಕದಲ್ಲಿ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಈ ಒಗಟನ್ನು ಹಿಡಿದು ಕುಳಿತರು. ಜನ ದಡ್ಡರಲ್ಲ, ಮನಸ್ಸಿನೊಳಗೆ ಲೆಕ್ಕ ಹಾಕುತ್ತಾರೆ ಎಂದು ಅವರಿಗೆ ಕಂಡಿತು. ಈ ಕಾಯಿಲೆ ನನಗೆ ಬಂದೀತೆ? ಬಂದರೆ ಅದೇನು ಅಷ್ಟು ದೊಡ್ಡದೆ? ಹೋಗಿ ತೋರಿಸಿಕೊಂಡರೆ ಲಾಭವೇನು? ಹೋಗಲು ಅಡ್ಡಿ ಏನೇನಿದೆ? ಈ ಲೆಕ್ಕದಲ್ಲಿ ಕೊನೆಯದೇ ಬಹಳ ಸಲ ತೂಕದ್ದು ಎಂದು ಮಗಳು ಹೇಳಿದಾಗ, ಒಳಗಿನ ಕೋಣೆಯಿಂದ ಅಡಿಕೆ ಕತ್ತರಿಸುವ ಸದ್ದು ಕೇಳಿಸಿತು. ನಾವು ಮೂವರೂ ಸುಮ್ಮನಾದೆವು.

ಅಜ್ಜಿಯ ವಿಚಾರ ಈಗ ಹೇಳಬೇಕು. ನಮ್ಮಲ್ಲೊಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ. ಮಗಳು ಹುಟ್ಟಿದ ಮೇಲೆ ಇಬ್ಬರಿಗೂ ಅಜ್ಜಿಯೇ. ಪಿರಿಯಾಪಟ್ಟಣದ ಕಡೆಯವರು. 2011ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಎಲೆಅಡಿಕೆಯ ಸಂಚಿ ಹಿಡಿದು ನಮ್ಮಲ್ಲಿಗೆ ಬಂದರು. ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಜೊತೆಗೆ ಹೊಗೆಸೊಪ್ಪು. ಮದುವೆಯಾದ ವರ್ಷ ಅವರ ಅತ್ತೆ ಕಲಿಸಿದ ಅಭ್ಯಾಸವಂತೆ.

ಹೊಗೆಸೊಪ್ಪನ್ನು ಬೈಯಲು ನಮಗೆ ಬಾಯಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಸೀಮೆಯ ಬೆಳೆಯೇ ಅದು. ಬೀಡಿ ಸಿಗರೇಟನ್ನು ಮುಟ್ಟದ ನಮ್ಮ ತಂದೆಯವರು ಹೊಲದಲ್ಲಿ ಸಿಗರೇಟಿನ ಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾದು, ಆ ಹಣದಲ್ಲಿ ಮಗನನ್ನು ಮೈಸೂರಿನಲ್ಲಿ ಓದಿಸಿದರು. ಇಂಜಿನಿಯರಿಂಗ್ ಡಿಪ್ಲೊಮಾದ ಪ್ರತಿಯೊಂದು ಪುಸ್ತಕಕ್ಕೂ ಆ ಘಾಟಿತ್ತು.

ದಿಂಡೋರಿಗೆ ಬಂದ ಅಜ್ಜಿಗೆ ಮರಾಠಿ ಬಾರದು. ನಾವು ನಮ್ಮ ನಮ್ಮ ಕೆಲಸಕ್ಕೆ ಹೋದರೆ ಬೆಳಗಿನಿಂದ ಸಂಜೆಯವರೆಗೆ ಗೋಡೆಯೇ ಗತಿ. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದರು, ಸುಮಾರು ಅದೇ ವಯಸ್ಸು. ಮರಾಠಿಯಲ್ಲಿ ಅಜ್ಜಿಗೆ 'ಆಜಿ' ಎನ್ನುತ್ತಾರೆ; ನಮ್ಮ ಅಜ್ಜಿಗೂ ಅವರ ಆಜಿಗೂ ಒಂದು ಒತ್ತಕ್ಷರದ ವ್ಯತ್ಯಾಸ. ಆ ಆಜಿಗೆ ಮಿಶ್ರಿಯ ಅಭ್ಯಾಸ. ಮಿಶ್ರಿ ಎಂದರೆ ಕಲ್ಲುಸಕ್ಕರೆಯೆಂದು ನಾವು ಮೊದಮೊದಲು ತಿಳಿದಿದ್ದೆವು. ಅದು ಹೊಗೆಸೊಪ್ಪನ್ನು ಕಾದ ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿಮಾಡಿ, ಬೆರಳಲ್ಲಿ ಹಲ್ಲಿಗೂ ಒಸಡಿಗೂ ತಿಕ್ಕಿಕೊಳ್ಳುವುದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬಹಳ ಹೆಂಗಸರಿಗೆ ಬೆಳಗಾಗುವುದೇ ಅದರಿಂದ. ಒಂದು ದಿನ ಕಾಂಪೌಂಡಿನ ಗೋಡೆಯ ಮೇಲಿಂದ ಅಜ್ಜಿ ಒಂದು ಚೂರು ಸೊಪ್ಪು ಕೊಟ್ಟರು. ಆಜಿ ಒಂದು ಚಿಟಿಕೆ ಮಿಶ್ರಿ ಕೊಟ್ಟರು. ಅಂದಿನಿಂದ ಗೆಳೆತನ. ಮಧ್ಯಾಹ್ನ ಎರಡಕ್ಕೆ ನಮ್ಮ ಜಗಲಿಯ ಮೇಲೆ ಇಬ್ಬರೂ ಕುಳಿತರೆ ನಾಲ್ಕಕ್ಕೆ ಏಳುವುದು. ಇವರು ಕನ್ನಡದಲ್ಲಿ ಸೊಸೆಯನ್ನು ಬೈಯುವರು, ಅವರು ಮರಾಠಿಯಲ್ಲಿ ಸೊಸೆಯನ್ನು ಬೈಯುವರು. ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುತ್ತಿತ್ತು.

2017ರಲ್ಲಿ ಅಜ್ಜಿಯ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಮಚ್ಚೆ ಕಾಣಿಸಿತು. ನಾಸಿಕದ ಒಬ್ಬ ವೈದ್ಯರಲ್ಲಿ ತೋರಿಸಿದೆವು. ಅದು ಕ್ಯಾನ್ಸರ್ ಅಲ್ಲ, ಮುಂದೆ ಆದರೂ ಆಗಬಹುದು ಎಂದು ಹೇಳಿ ಅಷ್ಟಕ್ಕೆ ಬಿಡದೆ, ಬಾಯಿ ಕೊಳೆತ ರೋಗಿಗಳ ಚಿತ್ರಗಳನ್ನು ಒಂದೊಂದಾಗಿ ಅಜ್ಜಿಯ ಕಣ್ಣಮುಂದೆ ಹಿಡಿದರು. 'ಸಾಯಬೇಕು ಅಂತ ಇದ್ದರೆ ತಿನ್ನಿ' ಎಂದರು. ನಾವೂ ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ಬೈದೆವು, ಮನೆಗೆ ಬಂದು ಸಂಚಿಯನ್ನು ಕಿತ್ತು ಹಿತ್ತಿಲಿಗೆ ಎಸೆದೆವು. ಎಂಬತ್ತು ಸಮೀಪಿಸಿದ ಮುದುಕಿಯ ಕೈಯಿಂದ ಕಿತ್ತುಕೊಂಡೆವು ಎಂದು ಈಗ ಬರೆಯುವಾಗ ಕೈ ಅಳುಕುತ್ತದೆ.

ಅಜ್ಜಿ ಬಿಟ್ಟರು ಎಂದೇ ನಂಬಿದೆವು. ಆರು ತಿಂಗಳಿಗೆ ಮತ್ತೆ ತೋರಿಸಬೇಕಿತ್ತು. ಹೋಗೋಣವೆಂದರೆ ಕಾಲುನೋವು, ತಲೆಸುತ್ತು, ಅಮಾವಾಸ್ಯೆ. ಒಂದು ದಿನ ಅಕ್ಕಿಯ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ ಕಾಗದದ ಪೊಟ್ಟಣ ಸಿಕ್ಕಿತು. ಅಲ್ಲಿಗೆ, ಒಂದು ವರ್ಷದಿಂದ ಅವರು ಸೊಪ್ಪನ್ನೂ ಬಿಟ್ಟಿರಲಿಲ್ಲ, ಬಾಯನ್ನೂ ಯಾರಿಗೂ ತೋರಿಸಿರಲಿಲ್ಲ.

2018ರ ದೀಪಾವಳಿಗೆ ಮಗಳು ಬಂದಳು. ಪ್ರಬಂಧಕ್ಕೆಂದು ದಿಂಡೋರಿಯ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಬರುವ ಹೆಂಗಸರನ್ನು ಮಿಶ್ರಿಯ ವಿಚಾರವಾಗಿ ಮಾತಾಡಿಸುವುದು ಅವಳ ಕೆಲಸ. ಅಕ್ಟೋಬರಿನ ಸವರುವಿಕೆಯಿಂದ ಹಿಡಿದು ಮಾರ್ಚಿನ ಕೊಯ್ಲಿನವರೆಗೆ ಪೇಠ್, ಸುರಗಾಣಾ ಕಡೆಯಿಂದ ಸಂಸಾರ ಸಮೇತ ಬರುವವರು ಅವರು. ಮಗಳು ದಿನವೂ ಸ್ಕೂಟರಿನಲ್ಲಿ ಹೋಗಿ ಸಂಜೆ ಧೂಳು ಮೆತ್ತಿಕೊಂಡು ಬರುತ್ತಿದ್ದಳು. 'ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಮ್ಮ, ಒಬ್ಬರೂ ಇಲ್ಲ ಅನ್ನಲ್ಲ' ಎನ್ನುವಳು. ಹಲ್ಲುನೋವಿಗೆ ಮಿಶ್ರಿ, ಹಸಿವು ತಡೆಯಲು ಮಿಶ್ರಿ, ಬೆಳಗ್ಗೆ ಬಯಲಿಗೆ ಹೋಗಿ ಬರುವುದು ಸಲೀಸಾಗಲೆಂದು ಮಿಶ್ರಿ. ದಂತವೈದ್ಯರ ಬಳಿ ಹೋದರೆ ಒಂದು ದಿನದ ಕೂಲಿ ಹೋಯಿತು. ಬಿಟ್ಟರೆ ಆ ನೋವಿಗೆ ಏನು ಮಾಡೋಣ, ಹೇಳು ಮಗಳೇ ಎಂದು ಅವರೇ ಇವಳನ್ನು ಕೇಳಿದರಂತೆ. ಗುಟ್ಕಾವನ್ನು ಮಹಾರಾಷ್ಟ್ರ ಸರ್ಕಾರ 2012ರಲ್ಲೇ ನಿಷೇಧಿಸಿತು. ಒಲೆಯ ಮೇಲೆ ಹಂಚಿಟ್ಟು ಹುರಿಯುವುದನ್ನು ಯಾವ ಪೊಲೀಸು ಹಿಡಿದಾನು?

ಅಕ್ಕಿಯ ಡಬ್ಬದ ಪೊಟ್ಟಣವನ್ನು ಅವಳಿಗೆ ತೋರಿಸಿದೆವು. ಅವಳು ಅಜ್ಜಿಯನ್ನು ಬೈಯುತ್ತಾಳೆಂದು ಕಾದರೆ, ನಮ್ಮನ್ನೇ ಕೂರಿಸಿ ಇನ್ನೊಂದು ಕಥೆ ಹೇಳಿದಳು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲೆವೆಂಥಾಲ್ ಎಂಬುವರು 1965ರಲ್ಲಿ ಪ್ರಕಟಿಸಿದ ಪ್ರಯೋಗ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿರೆಂದು ವಿದ್ಯಾರ್ಥಿಗಳಿಗೆ ಕಿರುಪುಸ್ತಿಕೆ ಹಂಚಿದರು. ಕೆಲವರಿಗೆ ಭಯಂಕರವಾದ ಚಿತ್ರ, ವರ್ಣನೆ. ಕೆಲವರಿಗೆ ಸೌಮ್ಯವಾದ ಮಾತು. ಹೆದರಿದವರು, 'ಖಂಡಿತ ಹಾಕಿಸಿಕೊಳ್ಳಬೇಕು' ಎಂದು ಹೆಚ್ಚು ಜೋರಾಗಿಯೇ ಹೇಳಿದರು. ಆದರೆ ಆಸ್ಪತ್ರೆಯವರೆಗೆ ನಡೆದು ಹೋಗುವುದರಲ್ಲಿ ಹೆಚ್ಚು ಹೆದರಿದವರಿಗೂ ಕಡಿಮೆ ಹೆದರಿದವರಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಮಾಡಿದ್ದು ಬೇರೆ: ಕೆಲವರಿಗೆ ಆವರಣದ ನಕ್ಷೆಯಲ್ಲಿ ಆಸ್ಪತ್ರೆಯನ್ನು ಗುರುತಿಸಿ ಕೊಟ್ಟು, ವಾರದಲ್ಲಿ ಯಾವ ಹೊತ್ತು ಬಿಡುವಿದೆ, ಯಾವ ದಾರಿಯಲ್ಲಿ ಹೋಗುತ್ತೀರಿ, ಯೋಚಿಸಿಕೊಳ್ಳಿ ಎಂದಿದ್ದರು. ಅಂಥವರಲ್ಲಿ ನೂರಕ್ಕೆ 28 ಮಂದಿ ಹೋದರು, ನಕ್ಷೆಯಿಲ್ಲದವರಲ್ಲಿ 3. ಆಸ್ಪತ್ರೆ ಎಲ್ಲಿದೆಯೆಂದು ಅವರಿಗೆಲ್ಲ ಮೊದಲೇ ಗೊತ್ತಿತ್ತು ಎಂಬುದು ಇಲ್ಲಿ ಸ್ವಾರಸ್ಯ.

'ಅಜ್ಜಿಗೆ ನಕ್ಷೆ ಕೊಟ್ಟಿರೇನು ನೀವು? ಚಿತ್ರ ತೋರಿಸಿದಿರಿ, ಸಂಚಿ ಕಿತ್ತುಕೊಂಡಿರಿ' ಎಂದಳು. ಮಕ್ಕಳನ್ನು ಓದಿಸಿದರೆ ಇಂಥ ಮಾತನ್ನೂ ಕೇಳಬೇಕಾಗುತ್ತದೆ.

ಆ ಸಂಜೆ ಅವಳು ಅಜ್ಜಿಯ ಪಕ್ಕದಲ್ಲಿ ಕುಳಿತು ಅಡಿಕೆ ಕತ್ತರಿಸಿಕೊಟ್ಟಳು. ನಾವು ಅಡಿಗೆಮನೆಯಲ್ಲಿ ಕಿವಿಗೊಟ್ಟು ನಿಂತೆವು.

'ಅಜ್ಜಿ, ಹೊಗೆಸೊಪ್ಪು ಹಾಕ್ಕೊಂಡ್ರೆ ನಿನಗೇನು ಸಿಗುತ್ತೆ?'

'ಏನೂ ಇಲ್ಲ ಕಣೇ. ಒಂದು ಸ್ವಲ್ಪ ಬಾಯಿ ಬೆಚ್ಚಗಿರುತ್ತೆ.'

'ಬಿಟ್ರೆ ಏನು ಹೋಗುತ್ತೆ?'

ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿ, 'ಬಿಟ್ರೆ ಆಕೆ ಬರ್ತಾಳೇನೇ ಮಧ್ಯಾಹ್ನ? ಅವಳ ಭಾಷೆ ನನಗೆ ಬರೋದಿಲ್ಲ, ನನ್ನ ಭಾಷೆ ಅವಳಿಗೆ ಬರೋದಿಲ್ಲ. ಕೊಡೋಕೆ ತಗೊಳ್ಳೋಕೆ ಇನ್ನೇನಿದೆ ನಮ್ಮಿಬ್ಬರಿಗೆ?' ಎಂದರು.

ಏಳು ವರ್ಷ ಒಂದೇ ಮನೆಯಲ್ಲಿದ್ದು ನಾವು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಕೆಲಸ, ವರ್ಗ, ನಿವೇಶನ ಎಲ್ಲವೂ ನಮ್ಮದು. ಪರಸ್ಥಳದ ಖರ್ಚನ್ನು ಮಾತ್ರ ಅಜ್ಜಿ ಒಬ್ಬರೇ ಕೊಡುತ್ತಿದ್ದರು. ವೈದ್ಯರ ಲೆಕ್ಕದಲ್ಲಿ ಅದು ಚಟ. ಪಿರಿಯಾಪಟ್ಟಣದಿಂದ ಬಂದ ಹೆಂಗಸಿಗೆ ಅದೇ ಊರು, ಅದೇ ನೆರೆಹೊರೆ.

ಮಗಳು ಅವಸರ ಮಾಡಲಿಲ್ಲ. 1983ರಲ್ಲಿ ಪ್ರೊಚಾಸ್ಕ, ಡಿಕ್ಲೆಮೆಂಟೆ ಎಂಬ ಇಬ್ಬರು ಸಿಗರೇಟು ಬಿಡುತ್ತಿದ್ದವರನ್ನು ನೋಡಿ ಬರೆದಿದ್ದಾರಂತೆ: ಬಿಡುವುದು ಒಂದು ದಿನದ ಕೆಲಸವಲ್ಲ, ಮೆಟ್ಟಿಲುಗಳಿವೆ; ಬಿಡುವ ಯೋಚನೆಯೇ ಇಲ್ಲದವರು, ಬಿಡಲೋ ಬೇಡವೋ ಎನ್ನುವವರು, ಬಿಟ್ಟವರು, ಬಿಟ್ಟದ್ದನ್ನು ಕಾಪಾಡಿಕೊಳ್ಳುವವರು. ಮೊದಲ ಮೆಟ್ಟಿಲಿನವರಿಗೆ ಕೊನೆಯ ಮೆಟ್ಟಿಲಿನ ಬುದ್ಧಿ ಹೇಳಿದರೆ ಕಿವಿಗೆ ಬೀಳದು. ಬ್ಯಾಂಡುರಾ ಎನ್ನುವ ಪಂಡಿತರು 1977ರಲ್ಲಿ ಹೇಳಿದ್ದು ಇನ್ನೊಂದು: 'ನನ್ನ ಕೈಲಾಗುತ್ತೆ' ಎಂಬ ನಂಬಿಕೆಯಿಲ್ಲದವನು ಕೆಲಸಕ್ಕೆ ಕೈಹಾಕುವುದೇ ಕಷ್ಟ, ಆ ನಂಬಿಕೆ ಬರುವುದು ಸಣ್ಣದೊಂದನ್ನು ತಾನೇ ಮಾಡಿ ನೋಡಿದಾಗ, ಇಲ್ಲವೆ ತನ್ನಂಥವರೇ ಮಾಡಿದ್ದನ್ನು ಕಂಡಾಗ. ಆದ್ದರಿಂದ ಅವಳು ಮೊದಲು ಆಜಿಯ ಮನೆಗೆ ಹೋದಳು. ಬಿಟ್ಟರೆ ಇಬ್ಬರೂ ಒಟ್ಟಿಗೆ, ಇಲ್ಲದಿದ್ದರೆ ಇಲ್ಲ ಎಂದು ಮುದುಕಿಯರಿಬ್ಬರೂ ಕೈಸನ್ನೆಯಲ್ಲೇ ಕರಾರು ಮಾಡಿಕೊಂಡರು.

ತಂಬಾಕು ಬಿಡುವವರಿಗೆಂದು ಕೇಂದ್ರ ಸರ್ಕಾರದ ಉಚಿತ ದೂರವಾಣಿಯೊಂದು 2016ರಿಂದ ಇದೆ, ಸಂಖ್ಯೆ 1800-11-2356. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಮಾತಾಡುವ ವ್ಯವಸ್ಥೆಯಾಗಿದೆ, ಕನ್ನಡದಲ್ಲಿ. ಮಗಳು ಆ ಸಂಖ್ಯೆಯನ್ನು ಕಾಲನಿರ್ಣಯದ ಮೇಲೆ ಬರೆದು, ಒಂದು ಮಧ್ಯಾಹ್ನ ಫೋನನ್ನು ಅಜ್ಜಿಯ ಕಿವಿಗಿಟ್ಟಳು. ಆ ಕಡೆಯಿಂದ ಹೆಣ್ಣುದನಿ, 'ನಮಸ್ಕಾರ ಅಮ್ಮಾ, ಹೇಳಿ' ಎಂದಿತು. ಅಜ್ಜಿ ಹೊಗೆಸೊಪ್ಪಿನ ಸುದ್ದಿಯನ್ನೇ ಎತ್ತದೆ, 'ಯಾವೂರವ್ವ ನಿಮ್ಮದು? ಅಲ್ಲಿ ಮಳೆ ಆಯಿತೇ?' ಎಂದು ವಿಚಾರಿಸಿದರು. ಆ ತಾಯಿ ತಾಳ್ಮೆಯಿಂದ ಮಳೆಯ ಸುದ್ದಿ ಹೇಳಿ, ನಿಧಾನವಾಗಿ ವಿಷಯಕ್ಕೆ ಬಂದು, ಯಾವ ದಿನದಿಂದ ಬಿಡುತ್ತೀರಿ ಎಂದು ಕೇಳಿದರು. 'ಯುಗಾದಿ' ಎಂದರು ಅಜ್ಜಿ. ಮಹಾರಾಷ್ಟ್ರದವರಿಗೂ ಅದೇ ದಿನ ಗುಡಿಪಾಡವಾ, ಆಜಿಗೂ ಒಪ್ಪಿಗೆಯಾಯಿತು.

2019ರ ಏಪ್ರಿಲ್ 6ರಂದು ಬೇವುಬೆಲ್ಲವಾದ ಮೇಲೆ ಅಜ್ಜಿ ಎಲೆಯಡಿಕೆಯನ್ನು ದೇವರ ಮುಂದಿಟ್ಟರು, ಹೊಗೆಸೊಪ್ಪನ್ನು ನಮ್ಮ ಕೈಗೆ ಕೊಟ್ಟರು. (ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲವೆಂದು ಮಗಳು ಮೆಲ್ಲಗೆ ಹೇಳಿದಳು; 'ಅದು ಮುಂದಿನ ಯುಗಾದಿಗೆ' ಎಂಬ ಉತ್ತರ ಬಂತು.) ಸಂಚಿಯಲ್ಲಿ ಲವಂಗ, ಏಲಕ್ಕಿ, ಹುರಿದ ಸೋಂಪು. ಎರಡು ಗಂಟೆಗೆ ಜಗಲಿ. ಕೊಡುವುದು ತೆಗೆದುಕೊಳ್ಳುವುದು ಇದ್ದೇ ಇತ್ತು, ಪದಾರ್ಥ ಬದಲಾಯಿತು. ಮೊದಲ ವಾರ ಇಬ್ಬರೂ ಮನೆಯವರ ಮೇಲೆಲ್ಲ ಹರಿಹಾಯ್ದರು. ಬೆಂಗಳೂರಿನಿಂದ ಮತ್ತೆ ಫೋನು ಬಂದ ದಿನ ಮಾತ್ರ ಅಜ್ಜಿಯ ಮುಖ ಅರಳುತ್ತಿತ್ತು.

ಮೇ ತಿಂಗಳಲ್ಲಿ ಊರಿನ ಮದುವೆಯೊಂದಕ್ಕೆ ಹೋಗಿ ಅಜ್ಜಿ ಜಾರಿದರು. ಚಪ್ಪರದ ಕೆಳಗೆ ಹಳೆಯ ಗೆಳತಿಯರು ಸಂಚಿ ಬಿಚ್ಚಿದರೆ ಯಾರು ತಡೆದಾರು? ನಾಲ್ಕು ದಿನ ತಿಂದು, ಹಿಂದಿರುಗಿ ಬರುವಾಗ ರೈಲಿನಲ್ಲಿ ಅತ್ತರು. ನಮಗೆ ಬಾಯಿಯ ತುದಿಗೆ ಬೈಗುಳ ಬಂದಿತ್ತು, ನುಂಗಿಕೊಂಡೆವು. ಜಾರಿದವರು ಮತ್ತೆ ಏರುವುದೇ ಹೆಚ್ಚು, ಅದೂ ದಾರಿಯ ಒಂದು ಭಾಗ ಎಂದು ಮಗಳ ಪುಸ್ತಕದಲ್ಲಿದೆಯಂತೆ.

ಈ ನಡುವೆ ನಮ್ಮ ಕಥೆಯೂ ಒಂದು ನಡೆಯಿತು. ಸಕ್ಕರೆ ಅಂಶ ಏರಿ, ಸಂಜೆ ನಡೆಯಬೇಕೆಂದು ವೈದ್ಯರ ಅಪ್ಪಣೆಯಾಯಿತು. ಲಂಡನ್ನಿನಲ್ಲಿ 96 ಮಂದಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ತಾನಾಗಿ ಕೂರಲು ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕು, ನಡುವಿನವರಿಗೆ 66. ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೆ ಚಪ್ಪಲಿ ಮೆಟ್ಟಬೇಕು, ಯೋಚಿಸಬಾರದು ಎಂದು ಮಗಳ ಆಜ್ಞೆ. ನಮ್ಮಲ್ಲೊಬ್ಬರಿಗೆ ಎರಡು ತಿಂಗಳಿಗೆ ಕೂತಿತು. ಇನ್ನೊಬ್ಬರು 254ಕ್ಕೇ ಕಾಯುತ್ತಿದ್ದಾರೆ.

ಆ ಮಳೆಗಾಲದಲ್ಲಿ ಅಜ್ಜಿ ತಾವಾಗಿಯೇ, ಬಾಯಿ ತೋರಿಸಿ ಬರೋಣ ಎಂದರು. ಈ ಸಲ ಬೇರೆ ವೈದ್ಯರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸದ್ಯ ಕೆಡುಕೇನಿಲ್ಲ, ಆರು ತಿಂಗಳಿಗೊಮ್ಮೆ ಬರುತ್ತಿರಿ ಎಂದರು. ಅಂದು ಆಜಿಯೂ ನಮ್ಮ ಜೊತೆಗೆ ಬಂದಿದ್ದರು, ಗೆಳತಿಗೆ ಜೊತೆಯಾಗಿ. ಬಂದವರು ಬಂದಂತೆ ಅವರ ಬಾಯನ್ನೂ ನೋಡಿಬಿಡಿ ಎಂದೆವು. ಒಸಡಿನ ಹಿಂದೆ, ಯಾರಿಗೂ ಹೇಳದೆ ಅವರು ಎಷ್ಟೋ ತಿಂಗಳಿಂದ ನುಂಗಿಕೊಂಡಿದ್ದ ಹುಣ್ಣು ಇತ್ತು. ಅದು ಮಚ್ಚೆಯಾಗಿ ಉಳಿದಿರಲಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಒಂದು ಭಾಗ ಹೋಯಿತು. ಜೀವ ಉಳಿಯಿತು. ಮಾತು ತೊದಲು, ಅವರ ಮನೆಯವರಿಗೇ ಅರ್ಧ ತಿಳಿಯುವುದಿಲ್ಲ. ಒಂದು ವರ್ಷ ಮೊದಲೇ ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಎಂದು ನಾವು ರಾತ್ರಿಗಳಲ್ಲಿ ಯೋಚಿಸಿದ್ದುಂಟು. ಮಗಳಿಗೆ ಹೇಳಿದರೆ ಅವಳು ಸುಮ್ಮನೆ ತಲೆ ತಗ್ಗಿಸಿದಳು. ಅದಕ್ಕೆ ಅವಳ ಪುಸ್ತಕದಲ್ಲಿಯೂ ಏನೂ ಇರಲಿಲ್ಲ.

ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಪದವಿಪತ್ರ ಗೋಡೆಯ ಮೇಲಿದೆ, ಮುದ್ರೆ ಮಾತ್ರ ಬೇರೆ. ಮಧ್ಯಾಹ್ನ ಎರಡಾಯಿತೆಂದರೆ ಅಜ್ಜಿ ಸಂಚಿ ತೆಗೆದುಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ಆಜಿ ಈಗ ಜಗಲಿಗೆ ಬರಲಾರರು. ಸೋಂಪನ್ನು ಅವರಿಗೆ ಅಗಿಯಲಾಗುವುದಿಲ್ಲವೆಂದು ಅಜ್ಜಿ ಅದನ್ನು ಬೆಳಗ್ಗೆಯೇ ಕುಟ್ಟಿ, ಹಳೆಯ ಸುಣ್ಣದ ಡಬ್ಬಿಯನ್ನು ತೊಳೆದು ಅದರಲ್ಲಿ ತುಂಬಿ ಒಯ್ಯುತ್ತಾರೆ. ಅತ್ತ ಕಡೆಯಿಂದ ಏನೋ ತೊದಲು ಮರಾಠಿ, ಇತ್ತ ಕಡೆಯಿಂದ ಪಿರಿಯಾಪಟ್ಟಣದ ಕನ್ನಡ. ಸೊಸೆಯಂದಿರ ವಿಚಾರವೇ ಇರಬೇಕು. ನಡುನಡುವೆ ಇಬ್ಬರೂ ನಗುವುದು ನಮ್ಮ ಅಡಿಗೆಮನೆಯವರೆಗೂ ಕೇಳುತ್ತದೆ.